ಕಡೇ ಡಬ್ಬಿ

ಪಕ್ಕದ ಮನೆಯ ತಾತ ಶ್ರೀನಿವಾಸಪುರದ ಹತ್ತಿರ ರೈಲ್ವೆ ಗೇಟು ಕಾಯುತ್ತಿದ್ದವರು. ನಿವೃತ್ತರಾದ ಮೇಲೂ, ಯಾರು ಅವಸರ ಮಾಡಿದರೂ ಅಂಗೈ ಎತ್ತಿ, “ಕಡೇ ಡಬ್ಬಿ ದಾಟ್ಲಿ, ತಡಿಯಪ್ಪ” ಎನ್ನುತ್ತಿದ್ದರು.

ಕೋಲಾರದಲ್ಲಿ ನಡೆದ ಪುಟ್ಟ ರೈಲುಗಳ ಪ್ರದರ್ಶನಕ್ಕೆ ಅವರನ್ನು ಕರೆದೊಯ್ದಿದ್ದೆ. ಮೇಜಿನ ಮೇಲೆ ಗುಡ್ಡ, ಮಾವಿನ ತೋಪು, ಬೆರಳುದ್ದದ ಡಬ್ಬಿಗಳು. ಹಳಿ ದಾಟುವ ರಸ್ತೆಗೆ ಮಾತ್ರ ಗೇಟಿರಲಿಲ್ಲ. ಅಲ್ಲಿ ನಿಂತಿದ್ದ ಆಟಿಕೆ ಟ್ರ್ಯಾಕ್ಟರಿನ ಮುಂದೆ ತಾತ ಬಗ್ಗಿ ತೋರುಬೆರಳನ್ನು ಅಡ್ಡ ಇಟ್ಟರು. ರೈಲು ಸುತ್ತುತ್ತಲೇ ಇತ್ತು; ಕಡೇ ಡಬ್ಬಿ ದಾಟುವಷ್ಟರಲ್ಲಿ ಎಂಜಿನ್ನು ಮತ್ತೆ ಬರುತ್ತಿತ್ತು. ಅವರ ಕಣ್ಣು ಎಲ್ಲೋ ದೂರದಲ್ಲಿತ್ತು, ಬೆರಳು ಕದಲಲಿಲ್ಲ.

ಸಂಜೆ ಪ್ರದರ್ಶನದವನು ಸ್ವಿಚ್ಚು ಆರಿಸಿದ. ರೈಲು ರಸ್ತೆಗೆ ಅಡ್ಡಲಾಗಿ ನಿಂತಿತು.

“ಹೋಗೋಣ ಬನ್ನಿ ತಾತ,” ಎಂದೆ.

“ಕಡೇ ಡಬ್ಬಿ ದಾಟಿಲ್ಲ ಕಣಪ್ಪ.”

ಪ್ರದರ್ಶನದವನು ನಗದೆ ಮತ್ತೆ ಸ್ವಿಚ್ಚು ಹಾಕಿದ. ಕಡೇ ಡಬ್ಬಿ ದಾಟಿದ ಮೇಲೆ ಆರಿಸಿದ. ತಾತ ಬೆರಳೆತ್ತಿ ಟ್ರ್ಯಾಕ್ಟರಿಗೆ ಮೆಲ್ಲಗೆ ಹೇಳಿದರು: “ಬಾಳ ಹೊತ್ತು ಕಾಯಿಸ್ಬಿಟ್ಟೆ. ಇನ್ನ ಹೋಗಪ್ಪ.”