ಬಾವುಟದ ಮರೆಯ ಬಾನುಲಿ

ಮದುಮಗ ಗುರುಬಸವ ಕಲ್ಯಾಣ ಮಂಟಪದ ಮುಂದೆ ಕಾರಿನಿಂದ ಇಳಿದಾಗ ಅವನ ಕೊರಳಲ್ಲಿ ಹೂವಿನ ಹಾರವಷ್ಟೇ ಅಲ್ಲ, ಹೂವಿನ ಕಮಾನೂ ಇತ್ತು. ಕಾರು ಒಳಗೆ ನುಗ್ಗುವಾಗ ಅದರ ನೆತ್ತಿಯ ಮೇಲೆ ಆಳೆತ್ತರಕ್ಕೆ ನಿಂತಿದ್ದ ಸ್ಟೀಲಿನ ಕೋಲು ಕಮಾನಿಗೆ ಸಿಕ್ಕಿ, ಬಾಗಿ, ಚಿಮ್ಮಿ, ಚೆಂಡುಹೂ, ಥರ್ಮಾಕೋಲಿನ ನವಿಲು, 'ಸುಸ್ವಾಗತ'ದ 'ಸು' ಎಲ್ಲವನ್ನೂ ಕೆಳಗೆ, ತೆರೆದ ಕಿಟಕಿಯೊಳಗೂ ಸುರಿದಿತ್ತು. ಬಾಗಿಲಲ್ಲಿ ಬರೀ 'ಸ್ವಾಗತ' ಉಳಿಯಿತು. ಇದೂ ಶಾಸ್ತ್ರದ ಭಾಗವೇ ಇರಬೇಕೆಂದು ಬ್ಯಾಂಡಿನವರು ಇನ್ನಷ್ಟು ಜೋರಾಗಿ ಬಾರಿಸಿದರು.

ಕಾರು ನಡೆಸುತ್ತಿದ್ದವರು ಶಿವಯೋಗೀಶರು. ಮದುಮಗನ ಸೋದರತ್ತೆಯ ಗಂಡ; ವಿದ್ಯಾನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಎದುರು ಮನೆಯವರು. ಆ ಕೋಲು ಅವರ ರೇಡಿಯೊದ ಆಂಟೆನಾ. ಹಿಂದಿನ ಸೀಟಿನಿಂದ ಅವರ ಹೆಂಡತಿ ಉಮಾಶ್ರೀ ಇಳಿದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರು. ಅವರು ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಅದೇ ಹೆಚ್ಚು ಅಂಜಿಕೆ.

"ಏನ್ರಿ ಇದು? ನಮ್ಮಣ್ಣನ ಮಗನ ಮದಿವ್ಯಾಗ?"

"ಬಿಚ್ಚಿಡೂದು ಮರತೆ."

"ಕಮಾನ ಬಿಚ್ಚೂದು ಮಾತ್ರ ಮರೀಲಿಲ್ಲ ನೋಡ್ರಿ. ಈ ಕಾರು ನಂದೂ ಐತಿ. ಕಾಲೇಜಿಗೆ ನಾನೂ ಒಯ್ತೇನಿ. ಇನ್ನ ಮ್ಯಾಲೆ ಇದರ ಬಗ್ಗೆ ಒಬ್ಬರಾದ್ರೂ ನನ್ನ ಕೇಳಿದ್ರು ಅಂದ್ರ ಕೋಲೂ ಇಲ್ಲ, ಆ ನಿಮ್ಮ ರೇಡಿಯೊ ಡಬ್ಬೀನೂ ಇಲ್ಲ."

ಶಿವಯೋಗೀಶರ ಮುಖ ಬಿದ್ದ ರೀತಿ ನೋಡಿದವರಿಗೆ, ಕಮಾನು ಬಿದ್ದದ್ದು ಏನೂ ಅಲ್ಲ ಅನ್ನಿಸುತ್ತಿತ್ತು.

ಅದಕ್ಕೆ ಕಾರಣವಿದೆ. ಅಮರಗೋಳದ ಮಾರ್ಕೆಟ್ಟಿನಲ್ಲಿ ಅವರದು ಹತ್ತಿ-ಕಾಳಿನ ದಲಾಲಿ ಅಂಗಡಿ. ಹರಾಜಿನ ಹೊತ್ತಿಗೆ ಅಲ್ಲಿ ಎಲ್ಲರೂ ಒಟ್ಟಿಗೇ ಕೂಗುತ್ತಾರೆ. ಇವರು ಕೂಗುವವರಲ್ಲ, ತಲೆಯಾಡಿಸಿ ವ್ಯಾಪಾರ ಮುಗಿಸುವವರು. ಇಂಥ ಮೌನಿ ನಡುವಯಸ್ಸಿನಲ್ಲಿ ಸರ್ಕಾರದ ಪರೀಕ್ಷೆ ಬರೆದು, ಹ್ಯಾಮ್ ರೇಡಿಯೊದ ಲೈಸೆನ್ಸು ಪಡೆದು, ಹವ್ಯಾಸಕ್ಕೆಂದು ಗಾಳಿಯಲ್ಲಿ ದೂರದೂರಿನವರ ಜೊತೆ ಮಾತಾಡತೊಡಗಿದ್ದು ಮನೆಯವರಿಗೇ ಸೋಜಿಗ. ಹ್ಯಾಮ್ ಆದರೂ ಹಮ್ಮಿಲ್ಲದ ಮನುಷ್ಯ. ನವನಗರದ ಸ್ವಂತ ಮನೆಯಲ್ಲಿದ್ದಾಗ ಮಾಳಿಗೆಯ ಮೇಲೆ ಆಂಟೆನಾ ಇತ್ತು. ಉಮಾಶ್ರೀಯವರ ಕಾಲೇಜಿಗೆ ಸಮೀಪವಾಗಲೆಂದು ಇಲ್ಲಿಗೆ ಬಂದ ಮೇಲೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆ, ಸಿಡಿಲು ಕರೆಯುತ್ತದೆ ಎಂದು ಹೇಳಿ, ಇಲ್ಲಿನ ಮಾಳಿಗೆಯಿಂದ ಅದನ್ನು ಇಳಿಸಿತು. ಸಿಡಿಲು ಕರೆಸಿಕೊಂಡು ಬರುವ ಅತಿಥಿಯಲ್ಲ ಎಂದು ನಾನು ವಾದಿಸಿದೆ, ಸಭೆ ನಗಲಿಲ್ಲ. ಕೊನೆಗೆ ಉಳಿದದ್ದು ಕಾರು. ಬಾನುಲಿ ಹೋಗಿ ಕಾರುಲಿ ಆಯಿತು.

ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರು ನೃಪತುಂಗ ಬೆಟ್ಟಕ್ಕೆ ಕಾರು ಹತ್ತಿಸಿ ಗದಗಿನ ಶಾಬುದ್ದೀನನ ಜೊತೆ ಮಾತಾಡುತ್ತಿದ್ದರು. ಶಾಬುದ್ದೀನ ಕೈಗಡಿಯಾರ ರಿಪೇರಿ ಮಾಡುವವ. ಅವನಿಗೂ ಲೈಸೆನ್ಸಿದೆ, ಮಾಳಿಗೆ ಇದೆ, ಸಿಡಿಲಿಗೆ ಅಂಜುವ ಸಂಘವಿಲ್ಲ. ಎಷ್ಟೋ ವರ್ಷಗಳ ಗೆಳೆತನ, ಆದರೂ ಇಬ್ಬರೂ ಫೋನ್ ನಂಬರು ಕೇಳಿಕೊಂಡವರಲ್ಲ. ಕಾರಿನಿಂದ ಡಬ್ಬಿ ಇಳಿದರೆ ಆ ದನಿಯೂ ಇಳಿದುಹೋಗುತ್ತದೆ.

ಹಾಗಾಗಿ ಮದುವೆಯ ಮರುವಾರವೇ ಶಿವಯೋಗೀಶರು ಹಳೇ ಹುಬ್ಬಳ್ಳಿಗೆ ಹೋದರು, ಕಾರಿನ ವೈರಿಂಗ್ ಮಾಡುವ ಖಾದರಬಾಷಾನ ಹತ್ತಿರ. ಜೊತೆಗೆ ನಾನು. ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಯಲ್ಲಿ ಕಾರು ನಿಲ್ಲಿಸಿ ವಿಷಯ ಹೇಳಿದರು: ನೆತ್ತಿಗೆ ತೂತು ಬೀಳಬಾರದು, ವೈರು ಕಾಣಬಾರದು, ಯಾರೂ ಏನೂ ಕೇಳಬಾರದು.

"ಸಾವಕಾರ್ರ, ಕದ್ದ ಮಾಲ್ ಏನ್ರಿ?" ಖಾದರಬಾಷಾ ಕೇಳಿದ.

"ಲೈಸೆನ್ಸ್ ಐತೋ ಮಾರಾಯಾ."

"ಮತ್ತ ಅಂಜಿಕಿ ಯಾರದು?"

ಶಿವಯೋಗೀಶರು ನನ್ನ ಕಡೆ ನೋಡಿದರು. ನಾನು ಮೋರಿಯ ಕಡೆ ನೋಡಿದೆ.

"ಮನ್ಯಾಗಿಂದs? ಹಂಗಾದ್ರ ಲೈಸೆನ್ಸ್ ಏನ್ ಉಪಯೋಗ ಬಿಡ್ರಿ," ಎಂದು ಅವನು ಕೆಲಸಕ್ಕೆ ಕೂತ. ಈ ಸಲ ಮೊಳಕ್ಕಿಂತ ತುಸು ಹೆಚ್ಚಿನ ಗಿಡ್ಡ ಕೋಲು. ಡಿಕ್ಕಿಯ ಬಾಗಿಲಂಚಿಗೆ ಕ್ಲಾಂಪಿನಿಂದ ಬಿಗಿದ. ವೈರನ್ನು ರಬ್ಬರಿನ ಸಂದಿಯಲ್ಲಿ ಅಡಗಿಸಿ, ಮ್ಯಾಟಿನ ಕೆಳಗೆ ಹಾಯಿಸಿ, ಡಬ್ಬಿಯನ್ನು ಸೀಟಿನಡಿ ಕೂರಿಸಿದ. ಹಿಂದೆ ಸರಿದು ನೋಡಿದರೆ ಎಲ್ಲ ಮಾಯ, ಕೋಲೊಂದು ಬಿಟ್ಟು.

"ಇದು ಕಾಣ್ತೈತಲ್ಲೋ."

ಖಾದರಬಾಷಾ ಗಲ್ಲಿಯ ತುದಿಯತ್ತ ಕೈಮಾಡಿದ. ನವೆಂಬರಿನ ಮೊದಲ ವಾರ. ಹೋಗುವ ಬರುವ ಆಟೋ, ಟಂಟಂ, ಕಾರು, ಎಲ್ಲಕ್ಕೂ ಹಳದಿ-ಕೆಂಪು ಬಾವುಟ. "ಇದಕ್ಕೂ ಒಂದ ಕಟ್ರಿ. ಬಾವುಟಾ ನೋಡಿದಾವ ಕೋಲು ನೋಡಂಗಿಲ್ಲ."

ನಾವಿಬ್ಬರೂ ಅವನನ್ನು ಮನಸಾರೆ ಹೊಗಳಿದೆವು. ನವೆಂಬರಿನ ನಂತರ ಡಿಸೆಂಬರ್ ಬರುತ್ತದೆಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನವೆಂಬರು ಸುಖವಾಗಿ ಕಳೆಯಿತು. ಬಾವುಟ ಕಂಡು ಉಮಾಶ್ರೀ, "ಛಲೋ ಕಾಣ್ತೈತಿ," ಎಂದರು. ಡಿಸೆಂಬರಿನಲ್ಲಿ ಊರಿನ ಬಾವುಟಗಳೆಲ್ಲ ಮಾಸಿ, ಹರಿದು, ಒಂದೊಂದಾಗಿ ಇಳಿದವು. ಶಿವಯೋಗೀಶರದು ಮಾತ್ರ ಹಾರುತ್ತಲೇ ಇತ್ತು. ಮಾಸಿದರೆ ಅಗೌರವ ಎಂದು ಅವರು ಹೊಸದನ್ನೂ ತಂದು ಕಟ್ಟಿದರು. ಅಲ್ಲಿಂದ ತೊಂದರೆ ಶುರುವಾಯಿತು. ಸಿಗ್ನಲ್ಲಿನಲ್ಲಿ ಆಟೋದವರು ದಾರಿ ಬಿಡತೊಡಗಿದರು. ಪೊಲೀಸನೊಬ್ಬ ಅರೆಮನಸ್ಸಿನಿಂದ ಸಲಾಮು ಹೊಡೆದ. ಬಡಾವಣೆಯ ಕನ್ನಡ ಯುವಕ ಸಂಘದವರು ಶಾಲು ಹಿಡಿದುಕೊಂಡೇ ಮನೆಗೆ ಬಂದರು: "ಸಾವಕಾರ್ರ, ನಿಮ್ಮಂಥಾ ಅಭಿಮಾನಿ ಊರಾಗ ಇನ್ನೊಬ್ಬರಿಲ್ಲ. ನೀವs ಗೌರವಾಧ್ಯಕ್ಷರು ಆಗಬೇಕು." ಮೌನಿ ಎಂದಿನಂತೆ ತಲೆಯಾಡಿಸಿದರು. ಬೇಡವೆಂದು ಆಡಿಸಿದ್ದನ್ನು ಬಂದವರು ಒಪ್ಪಿಗೆ ಎಂದುಕೊಂಡು ಶಾಲು ಹೊದಿಸಿಯೇ ಹೋದರು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಉಮಾಶ್ರೀಯವರನ್ನು ಕೇಳಿದರಂತೆ: "ನಿಮ್ಮ ಯಜಮಾನರು ಎಲೆಕ್ಷನ್‌ಗೆ ನಿಲ್ಲಾಕತ್ತಾರೇನ್ರಿ, ಮೇಡಂ?" ಒಬ್ಬರು ಕೇಳಿದಂತಾಯಿತು. ಆದರೆ ಕೇಳಿದ್ದು ಬಾವುಟದ ಬಗ್ಗೆ. ಕೋಲಿನ ಪ್ರಾಣ ಉಳಿಯಿತು. ಉಮಾಶ್ರೀಯವರ ಕಣ್ಣಲ್ಲಿ ಅನುಮಾನವೂ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಶಿವಯೋಗೀಶರಿಗೆ ಜ್ವರ ಬಂತು. ಬೆಟ್ಟ ಹತ್ತುವುದಿರಲಿ, ಮೆಟ್ಟಿಲು ಇಳಿಯುವುದೂ ಆಗಲಿಲ್ಲ. ಆ ದಿನಗಳಲ್ಲೇ ಉಮಾಶ್ರೀ ಪ್ರಿನ್ಸಿಪಾಲರನ್ನು ಕೂರಿಸಿಕೊಂಡು ಯೂನಿವರ್ಸಿಟಿಯ ಸಭೆಗೆ ಧಾರವಾಡಕ್ಕೆ ಹೊರಟರು. ಸಂಜೆ ಮರಳುವಾಗ, ನವನಗರದ ಏರಿನ ಮೇಲೆ, ಸೀಟಿನ ಕೆಳಗಿನಿಂದ ಒಂದು ದನಿ ಕೆಮ್ಮಿತು.

"ಸಾವಕಾರ್ರ, ನಾ ಶಾಬುದ್ದೀನ, ಗದಗಿನಿಂದ. ಇದ್ದೀರೇನ್ರಿ?"

ಪ್ರಿನ್ಸಿಪಾಲರು ಎರಡೂ ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡರಂತೆ.

"ನಿನ್ನೇನೂ ಇಲ್ಲ, ಮೊನ್ನೇನೂ ಇಲ್ಲ. ಆರಾಮ ಅದೀರಿಲ್ಲೊ? ನಾ ಇಲ್ಲೇ ಕೇಳ್ಕೋತ ಕುಂತಿರ್ತೇನ್ರಿ."

"ಪಾರ್ಟಿಯವರೇನ್ರಿ?" ಪ್ರಿನ್ಸಿಪಾಲರು ಪಿಸುಗುಟ್ಟಿದರು.

ಉಮಾಶ್ರೀ ಕಾರು ಬದಿಗೆ ನಿಲ್ಲಿಸಿ, ಬಗ್ಗಿ, ಸೀಟಿಗೆ ಹೇಳಿದರು: "ಅವರಿಗೆ ಜ್ವರಾರಿ. ಮನ್ಯಾಗ ಮಲಗ್ಯಾರ." ಮೈಕಿನ ಗುಂಡಿ ಒತ್ತದೆ ಆಡಿದ ಮಾತು ಗದಗಿಗೆ ಮುಟ್ಟುವುದಿಲ್ಲವೆಂದು ಅವರಿಗೇನು ಗೊತ್ತು? ಒಂದಿಷ್ಟು ಹೊತ್ತು ಬಿಟ್ಟು ದನಿ ಮತ್ತೆ ಅದನ್ನೇ ಕೇಳಿತು. ಅವರು ಮತ್ತೆ ಉತ್ತರಿಸಿದರು. ಅದು ಮತ್ತೂ ಕೇಳಿತು.

ನಾನು ಜ್ವರ ವಿಚಾರಿಸಲು ಹೋಗಿ ಕೂತಿದ್ದಾಗಲೇ ಅವರು ಮನೆಗೆ ಬಂದರು. ನಡೆದದ್ದನ್ನು ಇಳಿದ ದನಿಯಲ್ಲಿ ಹೇಳಿದರು. ಶಿವಯೋಗೀಶರು ಕಂಬಳಿ ಸಮೇತ ಎದ್ದು ಕೂತರು.

"ಬಂದ್ ಮಾಡೂದು ಮರತೆ. ತಗಸಿಬಿಡ್ತೇನಿ. ಜ್ವರಾ ಬಿಟ್ಟ ಕೂಡ್ಲೆ ಖಾದರನ ಕಡೆ ಹೋಗಿ ತಗಸ್ತೇನಿ."

ಉಮಾಶ್ರೀ ಕಾರಿನ ಕೀಲಿ ಮೇಜಿನ ಮೇಲಿಟ್ಟರು. "ಆ ಶಾಬುದ್ದೀನ ದಿನಾ ಹಂಗs ಕೇಳ್ತಾನೇನ್ರಿ? ಆರಾಮ ಅದೀರೇನಂತ?"

"ದಿನಾ."

"ನೀವು?"

"ನಾನೂ ಕೇಳ್ತೇನಿ."

ಉಮಾಶ್ರೀ ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಯ ಸದ್ದಿಲ್ಲ, ನಲ್ಲಿಯ ಸದ್ದಿಲ್ಲ. ಶಿವಯೋಗೀಶರು ಬಾಗಿಲನ್ನೇ ನೋಡುತ್ತಿದ್ದರು. ಡಬ್ಬಿ ಇಳಿದೇ ಹೋಯಿತೆಂಬಂತೆ ಅವರ ಕೈ ಕಂಬಳಿಯ ಅಂಚನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು. ನಾವು ಮನೆಗಳಲ್ಲಿ ದಿನವಿಡೀ ಮಾತಾಡುತ್ತೇವೆ: ಗ್ಯಾಸು, ಬಿಲ್ಲು, ಬೀಗದ ಕೈ. ಆರಾಮ ಇದ್ದೀಯೇನು ಎಂದು ಎದುರಿಗಿರುವವರನ್ನು ಕೇಳುವುದಿಲ್ಲ, ಎದುರಿಗೇ ಇದ್ದಾರಲ್ಲ! ನಡುವೆ ಒಂದು ಬೆಟ್ಟ, ಮೂವತ್ತೆಂಟು ಹಳ್ಳಿ, ಒಂದಿಷ್ಟು ಗೊರಗೊರ ಇದ್ದಾಗಲೇ ಆ ಪ್ರಶ್ನೆ ಬಾಯಿಗೆ ಬರುತ್ತದೇನೋ.

ಉಮಾಶ್ರೀ ಹೊರಗೆ ಬಂದು ಗಂಡನ ಹಣೆ ಮುಟ್ಟಿ ನೋಡಿದರು.

"ಬಾವುಟಾ ತಗೀರಿ. ನೀವು ಲೀಡರ್ ಅಲ್ಲ. ಕೋಲು ಇರ್ಲಿ."

"ಮಂದಿ ಕೇಳಿದ್ರ?"

"ನಾ ಹೇಳ್ತೇನಿ, ನಮ್ಮನಿಯವ್ರ ಹುಚ್ಚಿಗೆ ಸರ್ಕಾರದ ಲೈಸೆನ್ಸ್ ಐತಿ ಅಂತ."

ಜ್ವರ ಬಿಟ್ಟ ಮೇಲೆ ಅವರು ಬಾವುಟವನ್ನು ಮಡಚಿ, ಶಾಲಿನ ಜೊತೆ ಕಪಾಟಿನಲ್ಲಿಟ್ಟರು. ಅದೇ ಸಂಜೆ ನನ್ನನ್ನೂ ಬೆಟ್ಟಕ್ಕೆ ಕರೆದೊಯ್ದರು. ಕೆಳಗೆ ಉಣಕಲ್ ಕೆರೆ ತಾಮ್ರದ ತಟ್ಟೆಯ ಹಾಗೆ ಬಿದ್ದಿತ್ತು. ಗುಂಡಿ ಒತ್ತಿ ಕರೆದರು. ಗೊರಗೊರ. ಮತ್ತೆ ಕರೆದರು. ಮೂರನೆಯ ಸಲ ಗದಗು ಉತ್ತರಿಸಿತು, ಶಾಬುದ್ದೀನನ ದನಿ ಒಂದು ಕ್ಷಣ ತಡವರಿಸಿ, "ಬಂದ್ರ್ಯಾ?" ಎಂದಿತು. ಆಮೇಲೆ ಅವರು ಆಡಿದ್ದು ಜ್ವರದ ಮಾತ್ರೆ, ಮೆಣಸಿನಕಾಯಿಯ ದರ, ಗದಗಿನ ಗಾಳಿ. ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಯಂತ್ರವೇ ಬಿಡುವುದಿಲ್ಲ; ಆಡಿದವರು 'ಓವರ್' ಅಂದ ಮೇಲೇ ಕೇಳಿದವರ ಸರದಿ. ಮಾರ್ಕೆಟ್ಟಿನ ಮೌನಿ ಇಲ್ಲಿ ಪೂರ್ತಿ ವಾಕ್ಯಗಳಲ್ಲಿ ಮಾತಾಡುವುದನ್ನು ನಾನು ಮೊದಲ ಸಲ ಕೇಳಿದೆ.

ಮಾತು ಮುಗಿದ ಮೇಲೆ ಕೇಳಿದೆ: "ಅಲ್ರಿ, ಇಷ್ಟ ಜೀವದ ಗೆಳ್ಯಾ. ಗದಗ ಏನ್ ದೂರ? ರೈಲು ಹತ್ತಿದ್ರ ಆತು. ಒಮ್ಮೆ ಹೋಗಿ, ಎದುರಾಎದುರು ಕುಂತು ಮಾತಾಡ್ಬೇಕು ಅನ್ನಿಸಿಲ್ಲೇನು ನಿಮಗ?"

ಶಿವಯೋಗೀಶರು ಮೈಕಿನ ಸುರುಳಿ ವೈರು ಬಿಡಿಸಿ, ಮೈಕನ್ನು ಕೊಕ್ಕೆಗೆ ಸಿಕ್ಕಿಸಿದರು.

"ಹೋಗಿದ್ನಲ್ರಿ ಹೋದ ವರ್ಷ. ಭಾಳ ಮಾತಾಡ್ತಾನ. ಇದರಾಗಾದ್ರ ನಡುನಡುವ ಓವರ್ ಅಂತಾನ."