ಕೂತಲ್ಲೇ ಕರಗಿದ ಮೈ

ಹೊನ್ನಾವರದ ಪಕ್ಕದ ನಮ್ಮ ಕಾಸರಕೋಡಿನಲ್ಲಿ ಒಣಮೀನಿನ ಮೇಲೆ ಬೀಳುವ ಕಾಗೆ ಓಡಿಸುವುದು ಇನ್ಯಾವ ಕೆಲಸಕ್ಕೂ ಬಾರದ ಮುದುಕಿಯರ ಕೆಲಸ. ಮರಳಿನ ಮೇಲೆ ಬಲೆ ಹಾಸಿ ಮೀನು ಹರವಿರುತ್ತಾರೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕೈಗೊಂದು ಉದ್ದನೆಯ ಕೋಲು. ಬೆಳಗಿನಿಂದ ಸಂಜೆಯವರೆಗೆ ಅದನ್ನು ಬೀಸುತ್ತ ಕೂತಿರಬೇಕು. ನನಗೆ ಆ ಕುರ್ಚಿ ಸಿಕ್ಕಾಗ ಐವತ್ತೂ ತುಂಬಿರಲಿಲ್ಲ. ಎರಡೂ ಮೊಣಕಾಲು ಸವೆದಿದ್ದವು, ಮೈ ಮಾತ್ರ ಊದುತ್ತಲೇ ಇತ್ತು. ನಾನು ಕೂತರೆ ಕುರ್ಚಿಯ ಕಾಲು ಮರಳಿನೊಳಗೆ ಇಳಿಯುತ್ತಿತ್ತು, ಓಣಿಯ ಮಕ್ಕಳು ನಗುತ್ತಿದ್ದರು.

ಅದಕ್ಕೂ ಮೊದಲು ನಾನು ಬಂದರಿನಲ್ಲಿ ಹರಾಜಿಗೆ ನಿಲ್ಲುತ್ತಿದ್ದವಳು. ದೋಣಿ ಕಂಡದ್ದೇ ಬುಟ್ಟಿ ಹೊತ್ತು ಓಡಬೇಕು, ಮೊದಲು ತಲುಪಿದವಳಿಗೆ ಒಳ್ಳೆಯ ಮೀನು. ನನ್ನ ಬಾಯಿಗೆ ಹೆದರಿ ಗಂಡಸರೂ ದಾರಿ ಬಿಡುತ್ತಿದ್ದರು. ಒಂದು ಮನೆಯಿಂದ ಒಬ್ಬಳೇ ಹರಾಜಿಗೆ ನಿಲ್ಲುವುದು ನಮ್ಮಲ್ಲಿ ರೂಢಿ. ನನ್ನ ಕಾಲು ಹೋದ ಮೇಲೆ ಆ ಜಾಗ ನನ್ನ ಮೈದುನನ ಹೆಂಡತಿಗೆ ಹೋಯಿತು. ನನಗಿಂತ ಹತ್ತು ವರ್ಷ ಚಿಕ್ಕವಳು, ಒಣಗಿಸಿಟ್ಟ ಮೀನಿನಷ್ಟು ತೆಳ್ಳಗೆ. ನಾನು ಕಾಗೆ ಓಡಿಸುತ್ತ ಕೂತಿದ್ದಾಗ ಬಂದರಿನಿಂದ ಅವಳ ಕೂಗು ಗಾಳಿಯಲ್ಲಿ ಬರುತ್ತಿತ್ತು. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಕುಮಟೆಯ ಡಾಕ್ಟರಿಗೆ ಕಾಲು ತೋರಿಸಿದೆ. ಆಪರೇಷನ್ ಮಾಡಿದರೆ ಮೊದಲಿನಂತೆ ನಡೆಯಬಹುದು ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಮೊದಲು ಹತ್ತು ಕಿಲೋ ಇಳಿಸಬೇಕಂತೆ.

"ಶಿವರಾತ್ರಿ ಕಳೆದ ಮೇಲೆ ಬನ್ನಿ. ಇಳಿದಿದ್ದರೆ ಮಾಡುವ. ಇಲ್ಲದಿದ್ದರೆ ಹೊಸ ಮೊಣಕಾಲು ಹಾಕಿಯೂ ಪ್ರಯೋಜನ ಇಲ್ಲ," ಎಂದರು.

ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಸುದ್ದಿ ಕೇಳಿ ಒಂದು ಸ್ಮಾರ್ಟ್ ವಾಚು ತಂದುಕೊಟ್ಟಳು. "ಅಮ್ಮಾ, ಮೈ ಎಷ್ಟು ಕರಗ್ತು ಅಂತ ಇದೇ ಹೇಳ್ತದೆ. ಕರಗಿದ್ದಕ್ಕಿಂತ ಜಾಸ್ತಿ ತಿನ್ಬೇಡ, ಅಷ್ಟೇ ಆತು." ಎಡಗೈ ತುಂಬ ಗಾಜಿನ ಬಳೆ ಇತ್ತು. ಬಲಗೈಯಲ್ಲಿ ಕೋಲು ಹಿಡಿಯುವುದರಿಂದ ಬಳೆ ನಿಲ್ಲುತ್ತಿರಲಿಲ್ಲ, ಅಲ್ಲೇ ಖಾಲಿ ಜಾಗ. ವಾಚನ್ನು ಆ ಕೈಗೇ ಕಟ್ಟಿಕೊಂಡೆ.

ಮೊದಲ ದಿನ ಸಂಜೆಯೇ ಅದು ತೋರಿಸಿದ ಸಂಖ್ಯೆ ನೋಡಿ ನನಗೆ ಖುಷಿಯೋ ಖುಷಿ. ಅಂಗಳ ದಾಟಲು ಗೋಡೆ ಹಿಡಿಯುವವಳು ನಾನು. ನನ್ನ ಕ್ಯಾಲರಿ ನೋಡಿದರೆ ಹೊನ್ನಾವರದ ಸೇತುವೆ ಮೇಲೆ ದಿನವಿಡೀ ಹೋಗಿ ಬಂದು ಮಾಡಿದ್ದೇನೆ ಎನ್ನಬೇಕು! ಅನುಮಾನ ಬರಬೇಕಿತ್ತು, ಬರಲಿಲ್ಲ. ಹೊಗಳುವ ಯಂತ್ರವನ್ನು ಯಾರು ಅನುಮಾನಿಸುತ್ತಾರೆ?

ಸಂಜೆ ಅಡುಗೆ ಮಾಡುವವಳೂ ಅದೇ ಓರಗಿತ್ತಿ. ಸೌಟು ಹಿಡಿದು ಕೇಳುತ್ತಿದ್ದಳು. "ಇವತ್ತು ಎಷ್ಟಾತು ಅಕ್ಕಾ?"

ನಾನು ಕೈ ಚಾಚಿ ತೋರಿಸುತ್ತಿದ್ದೆ.

"ಅಬ್ಬಾ! ಇಷ್ಟು ಕರಗ್ಸಿ ಉಪಾಸ ಇದ್ರೆ ತಲೆ ತಿರುಗಿ ಬೀಳ್ತಿ. ತಿನ್ನು," ಎಂದು ಹುರಿದ ಬಂಗುಡೆ ಮೀನು ಇನ್ನೊಂದು ಹಾಕುತ್ತಿದ್ದಳು, ಅನ್ನದ ಮೇಲೆ ಅನ್ನ. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಪ್ರೀತಿಯಿಂದ ನನಗೆ ಬಡಿಸಿದ್ದೇ ಇಲ್ಲ. ರವಿಕೆ ಬಿಗಿಯಾದಾಗ ಹೊಸ ಸಾಬೂನಿಗೆ ಬಟ್ಟೆ ಕುಗ್ಗುತ್ತದೆ ಎಂದಳು. ಅದನ್ನೂ ನಂಬಿದೆ. ಮನಸ್ಸಿನಲ್ಲಿ ನಾನು ಆಗಲೇ ಬಂದರಿನಲ್ಲಿ ಓಡುತ್ತಿದ್ದೆ, ಅವಳನ್ನು ಕುರ್ಚಿಗೆ ಕೂರಿಸಿ ಆಗಿತ್ತು.

ಶಿವರಾತ್ರಿ ಕಳೆದು ಕುಮಟೆಗೆ ಹೋದೆ. ತೂಕದ ಯಂತ್ರದ ಮೇಲೆ ಮದುಮಗಳ ಹಾಗೆ ನಾಚಿಕೊಂಡು ನಿಂತೆ. ಇಳಿಯುವುದಿರಲಿ, ನಾಲ್ಕು ಕಿಲೋ ಏರಿತ್ತು.

"ನಿಮ್ಮ ಯಂತ್ರ ಹಾಳಾಗಿದೆ," ಎಂದೆ. ವಾಚು ಚಾಚಿದೆ. ಡಾಕ್ಟರು ಅದನ್ನು ನೋಡಿದರು, ನನ್ನ ಕಾಲು ನೋಡಿದರು.

"ಇಷ್ಟು ಕರಗಲಿಕ್ಕೆ ನೀವು ದಿನಾ ಎಂತ ಮಾಡ್ತೀರಿ?"

"ಕಾಗೆ ಓಡಿಸ್ತೇನೆ."

"ಹೇಗೆ? ಮಾಡಿ ತೋರಿಸಿ."

ಕೂತಲ್ಲೇ ಕೈ ಬೀಸಿದೆ. ಇಲ್ಲದ ಕೋಲು, ಇಲ್ಲದ ಕಾಗೆ. ವಾಚಿನಲ್ಲಿ ಸಂಖ್ಯೆ ಏರತೊಡಗಿತು. ನರ್ಸು ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ಡಾಕ್ಟರು ಮುಚ್ಚಿಟ್ಟುಕೊಳ್ಳದೇ ನಕ್ಕರು.

"ಕೈ ಅಲುಗಿದರೆ ಇದು ನಡಿಗೆ ಅಂತ ತಿಳಿಯುತ್ತದೆ. ನಿಮಗೆ ಕಾಲಿದೆಯೋ ಇಲ್ಲವೋ ಇದಕ್ಕೆ ಗೊತ್ತಿಲ್ಲ. ನಿಜವಾಗಿ ನಡೆದರೂ ಇದು ಹೇಳುವುದು ಒಂದು ಅಂದಾಜು ಮಾತ್ರ. ಅಂದಾಜು ನಂಬಿ ಯಾರಾದರೂ ಹೊಟ್ಟೆ ತುಂಬಿಸಿಕೊಳ್ಳುತ್ತಾರಾ? ಈ ವರ್ಷ ಆಪರೇಷನ್ ಮಾತೇ ಬೇಡ," ಎಂದು ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ಓರಗಿತ್ತಿ ಅಂಗಳದಲ್ಲಿ ಬಂಗುಡೆ ಸೀಳುತ್ತಿದ್ದಳು. ಎಲ್ಲ ಹೇಳಿದೆ, ಹೇಳುತ್ತ ಅತ್ತುಬಿಟ್ಟೆ. ಅವಳು ತಲೆ ಎತ್ತಲಿಲ್ಲ.

"ನಂಗೆ ಅದು ಯಾವಾಗ್ಲೋ ಗೊತ್ತಿತ್ತು."

"ಎಂತ ಗೊತ್ತಿತ್ತು?"

"ಒಂದಿನ ಬೆಳಿಗ್ಗೆ ನೀ ಏಳೂದ್ರೊಳಗೆ, ಚಾರ್ಜಿಗೆ ಇಟ್ಟಿದ್ದ ಅದನ್ನ ಕಟ್ಕಂಡು ಬಂದರಿಗೆ ಹೋಗಿದ್ದೆ. ತಲೆ ಮೇಲೆ ಬುಟ್ಟಿ, ಎರಡೂ ಕೈಯಲ್ಲಿ ಹಿಡ್ಕಂಡು ಉಸಿರು ಹೋಗುವಷ್ಟು ಓಡ್ದೆ. ಅಲ್ಲಾಡದ ಕೈಗೆ ಅದು ಎಂತದೂ ಕೊಡ್ಲಿಲ್ಲ. ನೀ ಕೂತ್ಕಂಡು ಕೈ ಬೀಸಿದ್ರೆ ಸುರಿತದೆ. ಅಷ್ಟೂ ತಿಳಿಯೂದಿಲ್ವಾ ನಂಗೆ?"

"ಮತ್ತೆ ದಿನಾ ಬಡ್ಸಿದ್ದು ಎಂತಕ್ಕೆ?"

ಅವಳು ಕತ್ತಿ ತೊಳೆದಳು. "ನಿನ್ನ ಕಾಲು ಸರಿಯಾದ್ರೆ ಆ ಕುರ್ಚಿ ಮೇಲೆ ಯಾರು ಕೂರೂದು ಅಕ್ಕಾ? ನಾನಾ?"

ಅವಳು ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಆ ರಾತ್ರಿಯೂ ಅವಳೇ ಬಡಿಸಿದಳು, ಹಸಿವಾಗಿತ್ತು, ನಾನು ಉಂಡೆ.

ಮರುದಿನ ಹರಾಜಿನಲ್ಲಿ ಜಗಳಾಡಿ ಅವಳು ಆ ಹಂಗಾಮಿನ ಅತಿ ದಪ್ಪ ಬಂಗುಡೆ ಗೆದ್ದು ತಂದಿದ್ದಳು. ಸೀಳಿ, ಉಪ್ಪು ಹಾಕಿ, ಒಂದೊಂದಾಗಿ ನನ್ನ ಕುರ್ಚಿಯ ಮುಂದೆ ಹರವಿದಳು. "ಚೆಂದ ಮಾಡಿ ನೋಡ್ಕ ಅಕ್ಕಾ," ಎಂದು ಖಾಲಿ ಬುಟ್ಟಿ ತಲೆಗೇರಿಸಿ ಮತ್ತೆ ಬಂದರಿಗೆ ಓಡಿದಳು. ಅವಳ ಕಾಲು ಮರಳಿನಲ್ಲಿ ಹೂತುಹೋಗುತ್ತಲೇ ಇರಲಿಲ್ಲ.

ನಾನು ಕೋಲನ್ನು ಕೆಳಗಿಟ್ಟೆ. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ. ಮೊದಲು ಒಂದು ಕಾಗೆ ಇಳಿದು ನನ್ನನ್ನು ಓರೆಗಣ್ಣಿನಿಂದ ನೋಡಿತು. ಆಮೇಲೆ ಅದರ ಬಳಗವೆಲ್ಲ ಬಂತು, ಮೇಲೆ ಸುತ್ತುತ್ತಿದ್ದ ಹದ್ದೂ ಬಂತು. ದಪ್ಪ ದಪ್ಪ ಬಂಗುಡೆ ಒಂದೊಂದಾಗಿ ಆಕಾಶಕ್ಕೆ ಏರಿದವು.

ತುಂಬ ಹೊತ್ತಿನ ಮೇಲೆ ಮಣಿಕಟ್ಟಿನಲ್ಲಿ ವಾಚು ಗುರುಗುಟ್ಟಿತು. ಬಹಳ ಹೊತ್ತಿನಿಂದ ಕೂತೇ ಇದ್ದೀರಿ, ಎದ್ದು ಓಡಾಡಿ ಎಂದಿತು. ಅಷ್ಟು ತಿಂಗಳಲ್ಲಿ ಅದು ನನಗೆ ಹೇಳಿದ ಮೊದಲ ನಿಜ ಅದು.

ನಾನು ಏಳಲಿಲ್ಲ.