ಮಾಳಿಂಗನ ಪಂಜಾ

ಮಾಳಿಂಗನಿಗೆ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಸಣ್ಣವನಿದ್ದಾಗ ಪಾಟಿಯಿಂದ ಪಕ್ಕದವನ ತಲೆ ಒಡೆದು ಶಾಲೆಯಿಂದ ಓಡಿಬಂದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ದೊಡ್ಡವನಾಗಿ ಜೇವರ್ಗಿಯಲ್ಲಿ ಹಮಾಲಿಗೆ ನಿಂತ. ಅಲ್ಲಿ ತನ್ನ ಅವ್ವನ ಹೆಸರೆತ್ತಿ ಬೈದ ಒಬ್ಬ ಗುಮಾಸ್ತನನ್ನು ಎತ್ತಿ ಹತ್ತಿಯ ರಾಶಿಗೆ ಒಗೆದು, ಎದೆಯ ಮೇಲೆ ಕೂತು, ಕಣ್ಣುಗುಡ್ಡೆ ಮೇಲಾಗುವ ತನಕ ಕುತ್ತಿಗೆ ಅದುಮಿದ್ದ. ಬಿಡಿಸಲು ಬಂದವರಿಗೂ ಬಿದ್ದವು. ಅವನ ಸಿಟ್ಟು ಮೂಗಿನ ತುದಿಯಲ್ಲಿ ಇರಲಿಲ್ಲ, ಬೆರಳ ತುದಿಯಲ್ಲಿತ್ತು.

ಇಂಥವನನ್ನು ಊರು ಸಹಿಸಿಕೊಂಡದ್ದು ಪಂಜಾದ ಸಲುವಾಗಿ. ನೆಲೋಗಿಯಿಂದಾಚೆ ಇರುವ ಆ ಸಣ್ಣ ಊರಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೂ ಮೊಹರಮ್ ಬಂತೆಂದರೆ ಊರಿಗೆ ಊರೇ ಕೂಡಿ ಬೆಂಕಿ ಹಾಕಲು ಅಲಾಯಿ ಕುಣಿ ತೋಡುತ್ತದೆ, ಮಸೂತಿಯ ಪೆಟ್ಟಿಗೆಯಲ್ಲಿ ಮಲಗಿದ್ದ ದೇವರನ್ನು ಎಬ್ಬಿಸುತ್ತದೆ. ದೇವರೆಂದರೆ ಐದು ಬೆರಳು ಬಿಡಿಸಿದ ಹಿತ್ತಾಳೆಯ ಹಸ್ತ. ಅದನ್ನು ಉದ್ದ ಕೋಲಿನ ತುದಿಗೆ ಕಟ್ಟಿ, ಹಸಿರು ಬಟ್ಟೆ ಉಡಿಸಿ, ಹೂವು ಏರಿಸಿದರೆ ಅದೇ ಪಂಜಾ. ಹಿಡಿದವನು ಬೆಂಕಿ ಸುತ್ತಬೇಕು, ಊರು ತಿರುಗಬೇಕು, ಕಡೆಯ ದಿನ ಹೊಳೆಗೆ ಹೋಗುವ ತನಕ ಅದು ವಾಲಬಾರದು, ನೆಲ ಮುಟ್ಟಬಾರದು. ಮಾಳಿಂಗನ ಅಜ್ಜ ಹಿಡಿದಿದ್ದ, ಅಪ್ಪ ಹಿಡಿದಿದ್ದ. ಮಾಳಿಂಗನ ಬಲಗೈಯಲ್ಲಂತೂ ಅದು ನೆಟ್ಟ ಕಂಬದಂತೆ ನಿಲ್ಲುತ್ತಿತ್ತು. ಆ ದಿನಗಳಲ್ಲಿ ಮುದುಕಿಯರು ಅವನ ಕಾಲಿಗೆ ಕೊಡ ನೀರು ಸುರಿದು ಅಡ್ಡಬೀಳುತ್ತಿದ್ದರು. ಅದೊಂದು ತಪ್ಪಿದರೆ ತಾನು ಚೀಲ ಹೊರುವ ಬೆನ್ನು, ಅಷ್ಟೇ. ಇದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಬಲಗೈಗೇ ಜೋಮು ಹಿಡಿಯಿತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದವು, ಇದ್ದೂ ಇಲ್ಲದಂತಾದವು. ಹೋದ ಮೊಹರಮ್‌ನಲ್ಲಿ ಹೊಳೆಯ ದಾರಿಯಲ್ಲಿ ಪಂಜಾ ಒಂದು ಸಲ ವಾಲಿತು. ದೇವರು ತೂಗಿತೆಂದು ಜನ ಕೈಮುಗಿದರು. ಅವನ ಚಿಕ್ಕಪ್ಪನ ಮಗ ಚಂದಪ್ಪ ಮಾತ್ರ ದೇವರನ್ನು ಬಿಟ್ಟು ಮಾಳಿಂಗನ ಕೈಯನ್ನೇ ನೋಡಿದ. ಪಂಜಾ ಹಿಡಿಯುವ ಆಸೆ ಚಂದಪ್ಪನಿಗೆ ಮೊದಲಿನಿಂದಲೂ ಇತ್ತು.

ಮಾಳಿಂಗ ಯಾರಿಗೂ ಹೇಳಲಿಲ್ಲ. ಹೆಂಡತಿ ಶೈಲಶ್ರೀಗೂ ಹೇಳಲಿಲ್ಲ. ದವಾಖಾನೆಗೆ ಹೋದರೆ ನಾಲ್ಕು ಮಂದಿ ನೋಡುತ್ತಾರೆಂದು ದೂರದ ಆಳಂದಕ್ಕೆ ಹೋದ. ಅಲ್ಲಿನ ಬಜಾರಿನಲ್ಲಿ ಅಬ್ದುಲ್ ಗನಿ ಎಂಬ ಮುದುಕನ ಬೇರು ನಾರಿನ ಅಂಗಡಿ ಇತ್ತು. ಹಳೆಯ ಪೈಲವಾನರು ಹಾಲಿನಲ್ಲಿ ಕುದಿಸಿ ಕುಡಿಯುತ್ತಿದ್ದ ಒಂದು ಗಡ್ಡೆ ಅಲ್ಲಿ ಸಿಗುತ್ತದೆಂದು ಅವನು ಕೇಳಿದ್ದ. ಬೆರಳು ಬಿಟ್ಟ ಕೈಯಂತೆಯೇ ಇರುವ ಆ ಗಡ್ಡೆಗೆ ಅಂಗಡಿಯವರು ಇಟ್ಟ ಹೆಸರೂ ಪಂಜಾ. ಕೈಗೆ ಕೈಯೇ ಮದ್ದೆಂದು ಮಾಳಿಂಗ ನಂಬಿದ. ಡಬ್ಬಿಯ ತಳದಲ್ಲಿ ಉಳಿದಿದ್ದ ಚೂರುಗಳನ್ನು ಗನಿ ಕೊಟ್ಟ. ಅವು ತೀರಿದ ಮೇಲೆ ಮಾಳಿಂಗ ಮತ್ತೆ ಹೋದಾಗ ಗನಿಗೆ ರೇಗಿತು. ಬಾಯಿ ಹರಕ ಮುದುಕ. ಗಿರಾಕಿಯನ್ನು ಬೈಯದೆ ಪೊಟ್ಟಣ ಕಟ್ಟಿದವನೇ ಅಲ್ಲ.

“ನರದ ಬ್ಯಾನಿಗೆ ಗಡ್ಡಿ ಏನ ಮಾಡತೈತಿಲೇ ಹೆಡ್ಡ? ಕಲಬುರಗಿಗೆ ಹೋಗಿ ಡಾಕ್ಟರಗ ತೋರಸು.”

“ಪಂಜಾ ಕೊಡ್ರಿ ಅಂದ್ರ ಪಂಜಾ ಕೊಡ್ರಿ.”

“ಇದು ಹಿಮಾಲಯದ ಗುಡ್ಡದಾಗ ಕಾಡಿನಂಚಿಗೆ ಬೆಳೆಯೋ ಹೂವಿನ ಗಿಡ. ಆರ್ಕಿಡ್ ಅಂತಾರ. ನೇರಳೆ ಹೂವು ತೆನಿ ಬಿಟ್ಟಂಗ ಬಿಡತೈತಿ. ಮಣ್ಣಾಗ ಅದಕ್ಕ ಎರಡ ಕೈ. ಕರೀದು ಈ ವರ್ಷದ್ದು, ಬಿಳೀದು ಬರೋ ವರ್ಷದ್ದು. ನೆಲ ಅಗಿಯೋ ಹಲ್ಕಟ್‌ಗೋಳು ಎರಡೂ ಕೀಳತಾರ. ಬರೋ ವರ್ಷನೂ ಕಿತ್ತ ಮ್ಯಾಲ ಗಿಡ ಎಲ್ಲಿಂದ ಬರಬೇಕು? ಅಳಿವಿನ ಅಂಚಿಗೆ ಬಂದೈತಿ ಅಂತ ಬರದು ಹಾಕ್ಯಾರ. ನನಗ ಕಳಸೋ ಸೇಠ ಜೇಲಿನಾಗ ಕುಂತಾನ.”

ಮಾಳಿಂಗ ಜಗ್ಗಲಿಲ್ಲ. ಅಂಗಡಿಯ ಕಟ್ಟೆ ಬಿಟ್ಟೇಳಲಿಲ್ಲ. ಕೊನೆಗೆ ಗನಿ ಸೋತು, “ನಂಬರ ಕೊಟ್ಟು ಹೋಗು, ಹೈದರಾಬಾದಿನಾಗ ಕೇಳಿ ನೋಡಿ ಫೋನ್ ಮಾಡ್ತೇನಿ” ಅಂದ.

ಮೊಹರಮ್ ಚಂದ್ರ ಕಾಣುವ ದಿನ ಇನ್ನೇನು ಬಂದಿತ್ತು. ಮಾಳಿಂಗ ಫೋನನ್ನು ಚಾರ್ಜಿಗೆ ಹಾಕಿ ಮರೆತು ಕೆಲಸಕ್ಕೆ ಹೋದ ದಿನವೇ ಗನಿಯ ಫೋನು ಬಂತು. ಎತ್ತಿದವಳು ಶೈಲಶ್ರೀ.

“ಮಾಳಿಂಗನ ಮನಿಯೇನವಾ? ಆಳಂದದಿಂದ ಅಬ್ದುಲ್ ಗನಿ ಮಾತಾಡಾಕತ್ತೇನಿ. ಪಂಜಾ ಮುಗೀತು ಅಂತ ಹೇಳು ಅವಗ. ಇನ್ನ ಅವನ ಕೈಯಾಗ ಬರಂಗಿಲ್ಲ, ಆಸೆ ಬಿಡು ಅನ್ನು.”

“ಯಾಕ್ರಿ? ಏನಾಗೇತ್ರಿ ಪಂಜಾಕ್ಕ?”

“ಸತ್ತಾವ ಅವು. ಸರ್ಕಾರದವರ ಬಂದ್ ಮಾಡ್ಯಾರ. ಹಿಡದ್ರ ಜೇಲು.”

ಶೈಲಶ್ರೀಗೆ ಗೊತ್ತಿದ್ದದ್ದು ಒಂದೇ ಪಂಜಾ. ಮದುವೆಯಾಗಿ ಬಂದ ವರ್ಷವೇ, ಮೊಹರಮ್‌ಗೆಂದು ಪಕ್ಕದೂರಿನಿಂದ ಬರುವ ಮುಲ್ಲಾನಿಂದ ಅದರ ಮುಂದೆ ಸಕ್ಕರೆ ಓದಿಸಿ ಹರಕೆ ಹೊತ್ತಿದ್ದಳು. ಅಳುತ್ತ ಪಕ್ಕದ ಮನೆಗೆ ಹೋದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಾಯಿತು. ಆಳಂದದವನೊಬ್ಬ ನಮ್ಮ ದೇವರು ಸತ್ತಿತು ಅಂದನಂತೆ, ಹಿಡಿದರೆ ಜೇಲಿಗೆ ಹಾಕಿಸುತ್ತಾನಂತೆ. ಪಂಜಾ ಹಿಡಿಯುವುದೇ ತಪ್ಪೆಂದು ಈಚೆಗೆ ಯಾರೋ ಎಲ್ಲೋ ಹೇಳಿದ ಮಾತು ಊರಿನ ಹೊಟ್ಟೆಯಲ್ಲಿ ಮೊದಲೇ ಉರಿಯುತ್ತಿತ್ತು. ಮಾಳಿಂಗ ಬಸ್ಸಿಳಿದು ಬರುವಷ್ಟರಲ್ಲಿ ಮಸೂತಿಯ ಕಟ್ಟೆಯ ಮೇಲೆ ಬಡಿಗೆಗಳು ಕೂಡಿದ್ದವು.

ಕೇಳಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಅದು ದೇವರ ಮಾತಲ್ಲ, ಗಡ್ಡೆಯ ಮಾತು ಅಂದಿದ್ದರೆ ಜನ ನಕ್ಕು ಮನೆಗೆ ಹೋಗುತ್ತಿದ್ದರು. ಆದರೆ ಗಡ್ಡೆ ಯಾತಕ್ಕೆ ಅಂತ ಕೇಳುತ್ತಿದ್ದರಲ್ಲ.

ಚಂದಪ್ಪ ಅದನ್ನೇ ಕೇಳಿದ. “ಆ ಗನಿಗೆ ನಿನ್ನ ನಂಬರ ಹೆಂಗ ಸಿಕ್ಕಿತೋ ಮಾಳಿಂಗ? ಗುರ್ತಿನಾಂವ ಏನು?”

ಎಲ್ಲರೂ ಅವನ ಮುಖ ನೋಡಿದರು.

“ಯಾವ ಗನಿ? ನನಗ ಗುರ್ತಿಲ್ಲ,” ಅಂದ ಮಾಳಿಂಗ. “ನಡೀರಿ, ಅವನ್ನ ಕೇಳೋಣು.”

ಮರುದಿನ ಕ್ರೂಸರ್ ಜೀಪು ತುಂಬಿತು. ಸೊನ್ನದ ಬ್ಯಾರೇಜಿನ ಹತ್ತಿರ ಹೊಳೆ ದಾಟಿ, ಅಫಜಲಪುರದಲ್ಲಿ ಚಹಾ ಕುಡಿದು, ಮಟಮಟ ಮಧ್ಯಾಹ್ನ ಆಳಂದ ಮುಟ್ಟಿದರು. ದಾರಿಯುದ್ದಕ್ಕೂ ಮಾಳಿಂಗ, ಇವತ್ತು ಅಂಗಡಿ ಮುಚ್ಚಿರಲಿ ಅಂತ ಅದೇ ದೇವರಿಗೆ ಬೇಡಿಕೊಂಡ. ಅಂಗಡಿ ತೆರೆದಿತ್ತು.

ಗನಿ ಕಬ್ಬಿಣದ ಕಲಬತ್ತಿನಲ್ಲಿ ಶುಂಠಿ ಕುಟ್ಟುತ್ತಿದ್ದ. ಕತ್ತೆತ್ತಿ ನೋಡಿ, ಎಂದಿನಂತೆ ಬೈದ. “ಮತ್ತ ಬಂದೇನ್ಲೇ? ಪಂಜಾ ಸತ್ತಾವ ಅಂತ ನಿನ್ನಿ ಹೇಳಿನಲ್ಲ.”

‘ಸತ್ತಾವ’ ಅಂದದ್ದನ್ನು ಊರವರು ಕಿವಿಯಾರೆ ಕೇಳಿಬಿಟ್ಟರು, ‘ಮತ್ತ’ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಮೊದಲ ಬಡಿಗೆ ಡಬ್ಬಿಗಳ ಸಾಲಿಗೆ ಬಿತ್ತು. ಎರಡನೆಯದು ಗನಿಯ ಹೆಗಲಿಗೆ. ಗಡ್ಡ ಹಿಡಿದು ಅವನನ್ನು ಕಟ್ಟೆಯಿಂದ ಬೀದಿಗೆ ಎಳೆದರು. ಚಂದಪ್ಪ ತಕ್ಕಡಿಯ ದಂಡಿಗೆಯಿಂದ ಬೆನ್ನು ಸೀಳಿದ. ಬಿದ್ದವನ ಪಕ್ಕೆಗೆ ಒದ್ದವರು, ಒದೆಯಲು ಜಾಗ ಸಿಗದೆ ಉಗುಳಿದವರು. ಇಷ್ಟೊಂದು ಗಂಡಸರು, ಒಬ್ಬ ಮುದುಕ. ಥೂ, ಹೇಳುವುದಕ್ಕೂ ನಾಚಿಕೆ.

ಗನಿ ರಕ್ತ ತುಂಬಿದ ಕಣ್ಣು ತೆರೆದು ಮಾಳಿಂಗನನ್ನು ಹುಡುಕಿದ. ಅವನ ಅಂಗಿಯ ಚುಂಗನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದ. “ಮಾಳಿಂಗ, ಹೇಳಲೇ ಇವರಿಗೆ. ನಿನ್ನ ಕೈ...”

ಮುಂದಿನ ಮಾತು ಬರಲಿಲ್ಲ. ಮಾಳಿಂಗನ ಎಡಗೈಯ ಗುದ್ದು ಬಾಯಿಯ ಮೇಲೆ ಬಿತ್ತು. ದವಡೆ ಲಟಕ್ಕೆಂದು ಸರಿಯಿತು, ಹಲ್ಲು ಮಣ್ಣಿಗೆ ಬಿದ್ದವು. ಆದರೂ ಮುದುಕ ಅಂಗಿ ಬಿಡಲಿಲ್ಲ. ಮಾಳಿಂಗ ಕಲಬತ್ತಿನ ಕಬ್ಬಿಣದ ಗುಂಡನ್ನು ಎಡಗೈಯಲ್ಲೇ ತೆಗೆದುಕೊಂಡು, ಅಂಗಿ ಹಿಡಿದ ಆ ಕೈಯನ್ನು ಅಂಗಡಿಯ ಕಟ್ಟೆಗೆ ಒತ್ತಿ ಜಜ್ಜಿದ. ಬೆರಳು ಬಿಡುವ ತನಕ ಜಜ್ಜಿದ. ಅವನು ಎಡಗೈಯಲ್ಲಿ ಹೊಡೆಯುತ್ತಿರುವುದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ.

ಬಜಾರಿನವರು ಕೂಗುತ್ತ ಬರುವಷ್ಟರಲ್ಲಿ ಕ್ರೂಸರ್ ಹೊರಟಿತ್ತು. ಯಾರು ಹೊಡೆದರು ಅಂತ ಹೇಳಲು ಗನಿಗೆ ಬಾಯಿ ಇರಲಿಲ್ಲ. ದವಡೆಗೆ ತಂತಿ ಹಾಕಿದ್ದರು. ಬರೆದು ತೋರಿಸಲು ಕೈಯೂ ಇರಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಅವನ ಬಲಗೈಯನ್ನು ಮಣಿಕಟ್ಟಿನ ತನಕ ತೆಗೆದರೆಂಬ ಸುದ್ದಿ ಮೊಹರಮ್ ನಡುವೆ ಊರಿಗೆ ಬಂತು. ಮಾಳಿಂಗನಿಗೆ ಅನ್ನ ಇಳಿಯಲಿಲ್ಲ. ವ್ರತ ಹಿಡಿದಿದ್ದಾನೆಂದು ಶೈಲಶ್ರೀ ತಿಳಿದಳು.

ಕಡೆಯ ದಿನ ಬೆಳಗ್ಗೆ ದೇವರು ಹೊಳೆಗೆ ಹೊರಟಿತು. ಪಂಜಾ ಮಾಳಿಂಗನ ಕೈಯಲ್ಲೇ ಇತ್ತು. ಕೋಲನ್ನು ಮುಂಗೈಗೆ ಹಸಿರು ಬಟ್ಟೆಯಿಂದ ಬಿಗಿದುಕೊಂಡಿದ್ದ. ಜನ ಅದನ್ನೂ ಭಕ್ತಿ ಅಂದುಕೊಂಡರು. ಹಲಗೆ ಬಡಿತಕ್ಕೆ ಕುಣಿಯುತ್ತ ಚಂದಪ್ಪ ಮುಂದೆ ಬಂದು ಕೈ ಎತ್ತಿ ಕೂಗಿದ. “ಪಂಜಾ ಸತ್ತೈತಿ ಅಂದಿದ್ದ ಸೂಳಿಮಗ. ಈಗ ಯಾರ ಪಂಜಾ ಸತ್ತೈತಿ ನೋಡ್ರಿ.”

ಜನ ಹೋ ಎಂದು ನಕ್ಕರು. ಹೆಂಗಸರೂ ನಕ್ಕರು. ಮಾಳಿಂಗ ಎಡಗೈಯಿಂದ ಚಂದಪ್ಪನ ಕಿವಿಯ ಬುಡಕ್ಕೆ ಬಿಟ್ಟ ಏಟಿಗೆ ಅವನು ಹಲಗೆಯವನ ಮೇಲೆ ಹೋಗಿ ಬಿದ್ದ. ಹಲಗೆ ನಿಂತಿತು. ಮಾಳಿಂಗ ಮುಂಗೈಗೆ ಬಿಗಿದಿದ್ದ ಬಟ್ಟೆ ಬಿಚ್ಚಿ, ಪಂಜಾವನ್ನು ಮುಲ್ಲಾನ ಕೈಗೆ ಕೊಟ್ಟು, ತನ್ನ ಬಲಗೈ ಎತ್ತಿ ಹಿಡಿದ. ಬೆರಳು ಸೊಪ್ಪಿನಂತೆ ಜೋತಾಡಿದವು.

“ಸತ್ತಿದ್ದು ನಂದು,” ಅಂದ. “ಈ ಕೈ ಸಲುವಾಗಿ ಗನಿ ಹಂತ್ಯಾಕ ಗಡ್ಡಿ ತರಾಕ ಹೋಗಿದ್ದೆ. ಅದಕ್ಕೂ ಪಂಜಾ ಅಂತಾರ. ಅದು ಮುಗೀತು ಅಂದಿದ್ದ ಅಂವಾ. ದೇವರಿಗೆ ಒಂದ ಮಾತು ಅಂದಿಲ್ಲ. ನನಗ ಅವತ್ತ ಗೊತ್ತಿತ್ತು.”

ಹೊಳೆಯ ದಂಡೆಯಲ್ಲೇ ಜನ ಅವನ ಮೇಲೆ ಬಿದ್ದರು. ಆಳಂದಕ್ಕೆ ಹೋಗಿದ್ದವರೇ ಮೊದಲು ಬಿದ್ದರು. ಗನಿಗಾಗಿ ಹೊಡೆದರೋ, ತಮ್ಮನ್ನು ಪಾಪಿಗಳನ್ನಾಗಿ ಮಾಡಿದನೆಂದು ಹೊಡೆದರೋ, ಅವರಿಗೇ ಗೊತ್ತಿರಲಿಕ್ಕಿಲ್ಲ. ಒದ್ದರು, ಮರಳಿನಲ್ಲಿ ಮುಖ ತಿಕ್ಕಿದರು, ಹಲಗೆಯ ಕೋಲಿನಿಂದ ತಲೆಗೆ ಹೊಡೆದರು. ಹುಟ್ಟಿದಾಗಿನಿಂದ ಒಂದು ಏಟನ್ನೂ ತಿರುಗಿಸದೆ ಬಿಟ್ಟವನಲ್ಲ ಮಾಳಿಂಗ. ಅವತ್ತು ಎಡಗೈಯನ್ನು ಮೈಯ ಕೆಳಗೆ ಹಾಕಿಕೊಂಡು ಬಿದ್ದುಕೊಂಡ. ಸಾಕಾಗುವ ತನಕ ಹೊಡೆದು, ದೇವರನ್ನು ತೆಗೆದುಕೊಂಡು ನೀರಿಗಿಳಿದರು.

ಶೈಲಶ್ರೀ ಬಂದು ಹತ್ತಿರ ನಿಂತಳು. ಮುಖ ಒರೆಸಲು ಸೆರಗು ತೆಗೆಯುತ್ತಾಳೆಂದು ಮಾಳಿಂಗ ಊದಿದ ಕಣ್ಣಿನ ಸಂದಿಯಿಂದ ನೋಡಿದ. ಗಂಡನಿಗೆ ‘ರಿ’ ಹಚ್ಚದೆ ಒಂದು ಮಾತನ್ನೂ ಆಡಿದವಳಲ್ಲ ಅವಳು.

“ನನ್ನ ಬಾಯಿಲೆ ಅವನ ಕೈ ತಗಸಿದಿ ನೀ,” ಅಂದಳು.

ಅಷ್ಟಂದು ದಂಡೆ ಹತ್ತಿ, ಊರಿನ ದಾರಿ ಬಿಟ್ಟು, ಕಲಬುರಗಿಯ ಬಸ್ಸು ನಿಲ್ಲುವ ಕಡೆಗೆ ನಡೆದಳು.